ಒಬಾಮಾ ತಾಯಿ ಬಿಳಿಯರಲ್ವಾ, ಮತ್ತೆ ಅವರು ಹೇಗೆ ಕಪ್ಪು ಅಧ್ಯಕ್ಷ?

ಅಮೆರಿಕದಿಂದ ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಒಬಾಮಾ ಅವರ ತಾಯಿ ಕಾನ್ಸಾಸ್‌ನ ಬಿಳಿಯರು, ತಂದೆ ಕೀನ್ಯಾದವರು. ಅರ್ಧ ಅರ್ಧ ತಾನೇ? 2024ರ ಚುನಾವಣೆ ಹೊತ್ತಿಗೆ ಇನ್ನೊಂದೂ ಸೇರಿಕೊಂಡಿತು: ಕಮಲಾ ಹ್ಯಾರಿಸ್ ನಮ್ಮವರಾ, ಅವರವರಾ?

ಅಮೆರಿಕದಲ್ಲಿ ಇದು ಅರ್ಧ, ಕಾಲು ಅನ್ನುವ ಲೆಕ್ಕವೇ ಅಲ್ಲ. ಮೊದಲಿಗೆ ಅದು ಆಸ್ತಿಯ ಲೆಕ್ಕ.

1662ರಲ್ಲಿ, ಇನ್ನೂ ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾ ಒಂದು ಕಾನೂನು ಮಾಡಿತು. ಹುಟ್ಟಿದ ಮಗು ಗುಲಾಮನೋ ಸ್ವತಂತ್ರನೋ ಅನ್ನುವುದನ್ನು ತಾಯಿಯನ್ನು ನೋಡಿ ತೀರ್ಮಾನಿಸಬೇಕು. ಇಂಗ್ಲೆಂಡಿನಲ್ಲಿ ತಂದೆಯ ಕಡೆಯಿಂದ ನೋಡುತ್ತಿದ್ದರು, ಇಲ್ಲಿ ಉಲ್ಟಾ ಮಾಡಿದರು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಗುಲಾಮ ಹೆಂಗಸಿಗೆ ಯಜಮಾನನಿಂದಲೇ ಮಗು ಹುಟ್ಟಿದರೂ ಅದು ವಾರಸುದಾರ ಆಗುವುದಿಲ್ಲ, ಅವನ ಆಸ್ತಿ ಆಗುತ್ತದೆ.

ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ ಥಾಮಸ್ ಜೆಫರ್ಸನ್ ಮನೆಯನ್ನೇ ನೋಡಿ. ಅಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಅಜ್ಜ ಅಜ್ಜಿಯರು ನಾಲ್ವರಲ್ಲಿ ಮೂವರು ಬಿಳಿಯರು. ಅವಳ ಮಕ್ಕಳ ತಂದೆ ಜೆಫರ್ಸನ್ನೇ ಅಂತ ಇವತ್ತು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಅಂದರೆ ಆ ಮಕ್ಕಳಲ್ಲಿ ಎಂಟರಲ್ಲಿ ಏಳು ಪಾಲು ಬಿಳಿ ರಕ್ತ. ಆದರೂ ಹುಟ್ಟಿದ್ದು ಗುಲಾಮರಾಗಿಯೇ.

ಗುಲಾಮಗಿರಿ ಹೋದ ಮೇಲೆ 'ಒಂದು ಹನಿ' ನಿಯಮ ಗಟ್ಟಿಯಾಯಿತು. ಒಂದು ಹನಿ ಆಫ್ರಿಕನ್ ರಕ್ತ ಇದ್ದರೂ ನೀವು ಬಿಳಿಯರಲ್ಲ. 1924ರಲ್ಲಿ ವರ್ಜೀನಿಯಾ ಇದನ್ನು ಕಾನೂನಿನಲ್ಲೇ ಬರೆಯಿತು, ಆಫ್ರಿಕನ್ ಮಾತ್ರವಲ್ಲ, ಬಿಳಿಯರದಲ್ಲದ ಯಾವ ರಕ್ತ ಇದ್ದರೂ ಬಿಳಿಯರಲ್ಲ ಅಂತ. ತಮಾಷೆ ಏನಂದರೆ, ಅಲ್ಲಿನ ದೊಡ್ಡ ದೊಡ್ಡ ಮನೆತನಗಳು ತಾವು ಮೂಲನಿವಾಸಿ ಹೆಣ್ಣು ಪೊಕಾಹಾಂಟಸ್ ವಂಶದವರು ಅಂತ ಜಂಬದಿಂದ ಹೇಳಿಕೊಳ್ಳುತ್ತಿದ್ದವು. ಅವರೂ ಬಿಳಿಯರ ಪಟ್ಟಿಯಿಂದ ಹೊರಗೆ ಬೀಳುವ ಹಾಗಾಯಿತು. ಹಾಗಾಗಿ ಮೂಲನಿವಾಸಿ ರಕ್ತಕ್ಕೆ ಮಾತ್ರ ಹದಿನಾರನೇ ಒಂದು ಪಾಲಿನವರೆಗೆ ರಿಯಾಯಿತಿ! ತಾವೇ ಮಾಡಿದ ಕಾನೂನಿನಿಂದ ತಪ್ಪಿಸಿಕೊಳ್ಳಲು ತಾವೇ ರಂಗೋಲಿ ಕೆಳಗೆ ತೂರಿದರು.

ಇದೆಲ್ಲ ಓಬೀರಾಯನ ಕಾಲದ್ದು ಅಂದುಕೊಳ್ಳಬೇಡಿ. ಲೂಯಿಸಿಯಾನಾದ ಸೂಸಿ ಫಿಪ್ಸ್ ಹುಟ್ಟಿದಾಗಿನಿಂದ ಬಿಳಿಯಳಾಗಿಯೇ ಬದುಕಿದವರು. 1977ರಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಹೋದಾಗ ಗೊತ್ತಾಯಿತು, ಜನನ ಪತ್ರದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಪ್ಪು ಜನರ ಪಟ್ಟಿಗೆ ಸೇರಿಸಿದ್ದಾರೆ ಅಂತ. ತಿದ್ದಿಸಲು ಕೋರ್ಟಿಗೆ ಹೋದರು. ಸರ್ಕಾರದವರು ವಂಶವೃಕ್ಷ ಕೆದಕಿ, ಹದಿನೆಂಟನೇ ಶತಮಾನದ ಒಬ್ಬ ಗುಲಾಮ ಹೆಂಗಸಿನವರೆಗೆ ಹೋಗಿ, ಈಕೆಯಲ್ಲಿ ಮೂವತ್ತೆರಡರಲ್ಲಿ ಮೂರು ಪಾಲು ಕಪ್ಪು ರಕ್ತ ಅಂತ ವಾದಿಸಿದರು. ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇದ್ದರೆ ಕಪ್ಪು ಅಂತ ಅಲ್ಲಿನ ಕಾನೂನಿತ್ತು. ಆ ಕಾನೂನು 1983ರಲ್ಲಿ ರದ್ದಾಯಿತು. ಫಿಪ್ಸ್ ಮಾತ್ರ ಕೇಸು ಸೋತರು.

ಒಬಾಮಾ ಹುಟ್ಟಿದ್ದು 1961ರಲ್ಲಿ, ಹವಾಯಿಯಲ್ಲಿ. ಅವರ ಅಪ್ಪ ಅಮ್ಮ ವರ್ಜೀನಿಯಾದಲ್ಲಿ ಇದ್ದಿದ್ದರೆ ಆ ಮದುವೆಯೇ ಅಪರಾಧ. ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗದಂತೆ ತಡೆಯುವ ಇಂಥ ಕಾನೂನುಗಳನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 1967ರಲ್ಲಿ. ಆಗಲೂ 16 ರಾಜ್ಯಗಳಲ್ಲಿ ಅವು ಜಾರಿಯಲ್ಲಿದ್ದವು.

ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ, ನಮ್ಮವರು ಅದನ್ನು ಕೇಳುವುದು ಕಮ್ಮಿ. ಹೊರಗೆ ಹಾಕಿಸಿಕೊಂಡವರು ಸುಮ್ನೆ ಕೂರಲಿಲ್ಲ. ತಮ್ಮದೇ ಚರ್ಚು, ಕಾಲೇಜು, ಪತ್ರಿಕೆ, ಸಂಗೀತ ಕಟ್ಟಿಕೊಂಡರು. ಗುಲಾಮಗಿರಿ ವಿರುದ್ಧ ಹೋರಾಡಿದ, ಮಿಶ್ರ ಸಂತಾನದ ಫ್ರೆಡರಿಕ್ ಡಗ್ಲಸ್ ಅಂಥವರು ಅಲ್ಲಿ ನಾಯಕರಾದರು. ಹಾಗಾಗಿ ಕಪ್ಪು ಅನ್ನುವುದು ಬರೀ ಮೇಲಿನಿಂದ ಹೇರಿದ್ದಲ್ಲ, ಅದೊಂದು ಮನೆ ಕೂಡ. ಜನಗಣತಿಯಲ್ಲಿ ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಗುರುತು ಹಾಕಲು 2000ದಿಂದ ಅವಕಾಶವಿದೆ. ಆದರೂ 2010ರಲ್ಲಿ ಒಬಾಮಾ ಕಪ್ಪು ಅನ್ನುವುದಕ್ಕೆ ಮಾತ್ರ ಗುರುತು ಹಾಕಿದರು. ಯಾರ ಬಲವಂತವೂ ಇರಲಿಲ್ಲ.

ಇನ್ನು ದಿನನಿತ್ಯದ ಬದುಕು. ನನ್ನ ತಮ್ಮನ ಹೆಂಡತಿ ಕಪ್ಪು ಅಮೆರಿಕನ್. ಮಗನಿಗೆ ಡ್ರೈವಿಂಗ್ ಲೈಸೆನ್ಸ್ ಬಂದ ದಿನ ಅವಳು ಅವನನ್ನು ಅಡುಗೆಮನೆ ಟೇಬಲ್ ಹತ್ತಿರ ಕೂರಿಸಿಕೊಂಡಳು. ಪೊಲೀಸ್ ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿರಬೇಕು. ಕಾಗದಪತ್ರ ತೆಗೆಯೋ ಮುಂಚೆ ತೆಗೀತೀನಿ ಅಂತ ಹೇಳಬೇಕು. ಎದುರು ಮಾತು ಬೇಡ. ಒಂದು ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು ಅವನ ಕೈಯಲ್ಲಿ ಮಾಡಿಸಿದಳು. ಇಂಥ ಪಾಠ ಯಾರಿಂದಲೂ ಹೇಳಿಸಿಕೊಳ್ಳದೆ ಬೆಳೆದ ನನ್ನ ತಮ್ಮ ಪಕ್ಕದಲ್ಲೇ ಕೂತಿದ್ದ. ಹುಡುಗ ಮನೇಲಿ ಚಿತ್ರಾನ್ನ ತಿನ್ನುತ್ತಾನೆ, ಅಜ್ಜಿ ಜೊತೆ ಕನ್ನಡ ಮಾತಾಡುತ್ತಾನೆ. ರಸ್ತೆಯಲ್ಲಿ ಅದು ಯಾರಿಗೆ ಕಾಣುತ್ತೆ?

ನಮ್ಮವರ ವಿಷಯವನ್ನೂ ಹೇಳಿಬಿಡುತ್ತೇನೆ. 1923ರಲ್ಲಿ, ಅಮೆರಿಕದ ಪೌರತ್ವ ಕೇಳಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಭಾರತೀಯರು ಬಿಳಿಯರಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಪಂಜಾಬಿ ರೈತರು ಬಿಳಿಯರನ್ನು ಮದುವೆಯಾಗಲು ಹೆಚ್ಚಿನ ಕಡೆ ಬಿಡುತ್ತಿರಲಿಲ್ಲ. ಎಷ್ಟೋ ಜನ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಅರ್ಜಿ ತೆಗೆದುಕೊಳ್ಳುವ ಗುಮಾಸ್ತನ ಕಣ್ಣಿಗೆ ಇಬ್ಬರದ್ದೂ ಒಂದೇ ಬಣ್ಣ! ಇಷ್ಟೆಲ್ಲ ಅನುಭವಿಸಿದವರ ಊರಿನಿಂದ ಹೋದ ನಾವು ಇವತ್ತು ಏನು ಮಾಡುತ್ತೇವೆ? ಮಗಳು ಅಮೆರಿಕದ ಹುಡುಗನನ್ನು ಒಪ್ಪಿದ್ದಾಳೆ ಅಂದರೆ ಮೊದಲ ಪ್ರಶ್ನೆ, 'ಬಿಳಿಯವನೇ ತಾನೇ?' ಹೌದು ಅಂದರೆ ಛತ್ರ ಬುಕ್ ಆಗುತ್ತೆ.

ಕಮಲಾ ವಿಷಯ ಇನ್ನೂ ಸುಲಭ. ತಾಯಿ ತಮಿಳರು, ತಂದೆ ಜಮೈಕಾದವರು, ಓದಿದ್ದು ಕಪ್ಪು ಜನರಿಗಾಗಿ ಹುಟ್ಟಿದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಆಕೆ ಇದ್ದಕ್ಕಿದ್ದ ಹಾಗೆ ಕಪ್ಪಾದರು ಅಂತ 2024ರ ಜುಲೈನಲ್ಲಿ ಟ್ರಂಪ್ ಶಿಕಾಗೋದಲ್ಲಿ ಮೂದಲಿಸಿದರು. ಮೊದಲಿನಿಂದಲೂ ಆಕೆ ಎರಡೂ ಆಗಿದ್ದರು. ನಮ್ಮವರಾ ಅಂತ ಕೇಳಿದರೆ ಹೌದು ಅನ್ನುತ್ತೇನೆ. ಅವರವರಾ ಅಂದರೆ ಅದಕ್ಕೂ ಹೌದು.