ರಾಮಫಲಕ್ಕ ನಾ ಮಾಡಿದ ಅನ್ಯಾಯ

ಸೀತಾಫಲ ನಮ್ಮ ಕಡಿ ಯಾರಿಗೂ ಪರಿಚಯ ಮಾಡ್ಸೋದು ಬ್ಯಾಡ್ರಿ, ದಸರಾ ಬಂತಂದ್ರ ಬುಟ್ಟಿಗಟ್ಲೆ ಬರ್ತಾವ, ಬೀದರ ಬಸ್ ಹತ್ತಿದ್ರ ಯಾರದೋ ಚೀಲದಾಗಿಂದ ವಾಸನಿ ಬರ್ತಿರ್ತದ. ಆದ್ರ ಅದರ ಬಳಗದ ರಾಮಫಲ ಅದ ನೋಡ್ರಿ, ಅದನ್ನ ನಾ ಕಲಬುರಗಿಯೊಳಗ ಹುಟ್ಟಿ ಬೆಳೆದು ಮೂವತ್ತು ದಾಟಿದ್ರೂ ಒಮ್ಮೆನೂ ತಿಂದಿರ್ಲಿಲ್ಲ. ಬಂಡಿ ಮ್ಯಾಲ ನೋಡಿದ್ದೆ, ಸೀಸನ್ ಮುಗಿದ ಮ್ಯಾಲ ಉಳಿದ ಕೆಟ್ಟ ಸೀತಾಫಲ ಇರ್ಬೇಕು ಅಂತ ಮುಂದ ಹೋಗ್ತಿದ್ದೆ.

ಈ ಸಲ ಶರಣಬಸವೇಶ್ವರ ಜಾತ್ರಿ ಮುಗಿದು ನಾಕೈದು ದಿನ ಆಗಿತ್ತು, ಸೂಪರ್ ಮಾರ್ಕೆಟ್ ಅನ್ನೋ ನಮ್ಮೂರ ಬಜಾರದಾಗ ಉಳ್ಳಾಗಡ್ಡಿ ತರಾಕ ಹೋಗಿದ್ದೆ, ಅಲ್ಲೊಬ್ಬಾಕಿ ಮುದುಕಿ ನೆಲದ ಮ್ಯಾಲ ಗೋಣಿಚೀಲ ಹಾಸಿ ಹತ್ತು ಹದಿನೈದು ಹಣ್ಣು ಇಟ್ಕೊಂಡು ಕೂತಿದ್ಳು. ಕೆಂಪಂದ್ರ ಕೆಂಪಲ್ಲ, ಇಟ್ಟಂಗಿ ಬಣ್ಣಕ್ಕ ಜರಾ ಹಳದಿ ಕಲಸಿದಂಗ, ಸೀತಾಫಲದಂಗ ಗುಬಟಿ ಗುಬಟಿ ಇಲ್ಲ, ಸಿಪ್ಪಿ ನುಣ್ಣಗ, ಅದರ ಮ್ಯಾಲ ಮೀನಿನ ಬಲಿ ಹಾಸಿದಂಗ ಗೆರಿ. ಏನಿದು ಯವ್ವ ಅಂದೆ. "ರಾಮಫಲ ಯಪ್ಪಾ, ಯಾವೂರಾಂವ ನೀ?" ಅಂತ ನನ್ನೇ ಕೇಳಿದ್ಳು. ಮರ್ಯಾದಿ ಹೋಯ್ತು ಅಂತ ಮೂರು ತಗೊಂಡೆ, ನೂರು ರೂಪಾಯಿ. "ಇವತ್ತ ಕೊಯ್ಬ್ಯಾಡ ಮತ್ತ, ಜ್ವಾಳದಾಗ ಹುಗಿದಿಡು" ಅಂತ ಹೇಳಿದ್ಳು ಖರೇ, ನಾ ಕೇಳ್ಬೇಕಲ್ಲ.

ಮನಿಗೆ ಬಂದು ಮೊದಲ್ನೇದು ಕೊಯ್ದೆ. ಚಾಕು ಹಸಿ ಪಪ್ಪಾಯಿಗೆ ಹಾಕಿದಂಗ ಆಯ್ತು, ಒಳಗ ಬಿಳಿ, ನಾಲಿಗಿಗೆ ಒಗರು, ಇದೇನ್ ಹಣ್ಣು ಅಂತ ಡಬ್ಬಿಗೆ ಒಗದೆ. ಎರಡ್ನೇದು ಜ್ವಾಳದ ಡಬ್ಬಿಯೊಳಗ ಇಟ್ಟು ಪೂರಾ ಮರ್ತುಬಿಟ್ಟೆ, ಐದನೇ ದಿನ ಅವ್ವ ರೊಟ್ಟಿಗೆ ಜ್ವಾಳ ಬೀಸಾಕ ಕೊಡೋಣ ಅಂತ ಕೈ ಹಾಕಿದ್ರ ಕೈಯೆಲ್ಲ ರಾಡಿ, ಇರಿವಿ ಬ್ಯಾರೆ. ಆವತ್ತು ಅನ್ನಿಸ್ಕೊಂಡಿದ್ದು ಇಲ್ಲಿ ಬರಿಯಾಂಗಿಲ್ಲ ಬಿಡ್ರಿ.

ಮೂರನೇದು ಮಾತ್ರ ನಾ ಅಡಗಿಮನಿ ಕಟ್ಟಿ ಮ್ಯಾಲ ಪೇಪರ್ ಸುತ್ತಿ ಇಟ್ಟು ದಿನಾ ಮುಂಜಾನಿ ಮುಟ್ಟಿ ನೋಡ್ತಿದ್ದೆ. ಹೆಬ್ಬೆರಳಿಂದ ಮೆಲ್ಲಕ ಒತ್ತಿದ್ರ ತಗ್ಗು ಬಿದ್ದು ಹಂಗೇ ನಿಂತ ದಿನ ತಗದು ತಾಸೊತ್ತು ಫ್ರಿಜ್‌ನ್ಯಾಗ ಇಟ್ಟೆ, ಎರಡು ಹೋಳು ಮಾಡಿ ಚಮಚ ಹಾಕಿದೆ. ಸೀತಾಫಲದಷ್ಟು ಸಿಹಿ ಇಲ್ಲರಿ, ಆ ಘಮನೂ ಇಲ್ಲ, ಅದನ್ನ ಹುಡುಕಿ ತಿಂದ್ರ ನಿರಾಶೆನೇ. ಇದರ ರುಚಿ ಬ್ಯಾರೆ, ಕೆನಿ ಗಟ್ಟಿ ಆಗಿ ತಣ್ಣಗ ಆದಂಗ, ಸಿಪ್ಪಿ ಹತ್ರ ಬಂದಂಗ ಬಂದಂಗ ಸಕ್ರಿ ಇನ್ನೂ ಕರಗಿಲ್ಲ ಅನ್ನೋ ಹಂಗ ಸಣ್ಣ ಮರಳು ಹಲ್ಲಿಗೆ ಸಿಗ್ತದ. ನಂಗ ಆ ಮರಳೇ ಸೇರಿದ್ದು. ಸೀತಾಫಲ ತಿನ್ನೋವಾಗ ಬೀಜ ಉಗುಳೋದ್ರಾಗೇ ಅರ್ಧ ಟೈಮ್ ಹೋಗ್ತದ, ಇದನ್ನ ಚಮಚದಾಗ ತಗದು ಆರಾಮ ತಿನ್ನಬಹುದು.

ಬೀಜ ಕಡಿಬ್ಯಾಡ್ರಿ, ಅದು ವಿಷ. ನಮ್ಮ ಆಯಿ ಕಾಲಕ್ಕ ಸೀತಾಫಲದ ಬೀಜ ಅರೆದು ಹೇನಿಗೆ ತಲಿಗೆ ಹಚ್ತಿದ್ರಂತ, ಕಣ್ಣಿಗೆ ಬಿದ್ರ ಕಣ್ಣೇ ಕೆಡ್ತದ, ಯಾರೂ ಪ್ರಯೋಗ ಮಾಡ್ಬ್ಯಾಡ್ರಿ.

ರಾಮನವಮಿ ಸುತ್ತಮುತ್ತ ಹಣ್ಣಾಗ್ತದಲ್ಲ ಅದಕ್ಕ ರಾಮಫಲ ಅಂತ ಆಯಿ ಹೇಳ್ತಾಳ. ಹೆಸರು ರಾಮಂದು ಸೀತಾದು ಇದ್ರೂ ಎರಡೂ ಅಮೆರಿಕಾ ಖಂಡದ ಬಿಸಿ ಸೀಮಿಯಿಂದ ಬಂದಾವ, ಮೆಣಸಿನಕಾಯಿ ಬಂದಂಗ. ಆಯಿ ಮುಂದ ಇದನ್ನ ಹೇಳಿದ್ದಕ್ಕ "ಮತ್ತ ರಾಮ ಏನ್ ತಿಂದ?" ಅಂದ್ಳು, ನನ್ ಹತ್ರ ಉತ್ತರ ಇರ್ಲಿಲ್ಲ. ಶಾಸ್ತ್ರದ ಹೆಸರು ಅನೋನಾ ರೆಟಿಕ್ಯುಲಾಟಾ, ರೆಟಿಕ್ಯುಲಾಟಾ ಅಂದ್ರ ಬಲಿ ಬಲಿ ಇರೋದು, ಗಿಡಗಳ ಶಾಸ್ತ್ರ ಬರೆದ ಲಿನೇಯಸ್ 1753ರಾಗ ಇಟ್ಟಿದ್ದು, ಆ ಗೆರಿ ನೋಡೇ ಇಟ್ಟಾನ. ಇಂಗ್ಲಿಷಿನವ್ರು ಬುಲಕ್ಸ್ ಹಾರ್ಟ್ ಅಂತಾರ, ಎತ್ತಿನ ಗುಂಡಿಗಿ! ಒಂದು ಕೈಯಾಗ ಹಿಡಿದು ನೋಡಿದ್ರ ಹೌದಲ್ಲ ಅನಸ್ತದ, ಆದ್ರ ನಮ್ಮ ಮನಿಯಾಗ ಆ ಹೆಸರು ಹೇಳಿದ್ರ ಯಾರೂ ಮುಟ್ಟಾಂಗಿಲ್ಲ.

ನಮ್ಮ ಕಾಕಾನ ಹಿತ್ತಲದಾಗ ಒಂದು ಗಿಡ ಅದ ಅಂತ ಆಮ್ಯಾಲ ಗೊತ್ತಾಯ್ತು, ವರ್ಷಕ್ಕ ಏಳೆಂಟೇ ಕಾಯಿ, ಅದೂ ಸೊಟ್ಟ ಸೊಟ್ಟ. ಇದಕ್ಕ ಕಾರಣ ಓದಿದೆ. ಹೂವು ಮೊದಲು ಹೆಣ್ಣಾಗಿ ಇರ್ತದಂತ, ಪರಾಗ ಉದುರಿಸೋದು ಆಮ್ಯಾಲ, ಅಷ್ಟೊತ್ತಿಗೆ ಹೆಣ್ಣಿನ ಟೈಮ್ ಮುಗಿದಿರ್ತದ, ಸಣ್ಣ ಸಣ್ಣ ಜೀರುಂಡಿ ಒಂದು ಹೂವಿನಿಂದ ಇನ್ನೊಂದಕ್ಕ ಪರಾಗ ಒಯ್ದ್ರ ಕಾಯಿ, ಅರೆಬರೆ ಆದ್ರ ಕಾಯಿ ಸೊಟ್ಟ. ಕಾಕಾಗ ಸಣ್ಣ ಬ್ರಶ್ ತಗೊಂಡು ಪರಾಗ ಹಚ್ಚಿ ನೋಡು ಅಂದೆ, ನಂಗ ಬ್ಯಾರೆ ಕೆಲಸ ಇಲ್ಲೇನು ಅಂದ.

ಇದರ ಬಗ್ಗೆ ಸ್ಟೇಟಸ್ ಹಾಕಿದ್ದೇ ತಡ, ವಾಟ್ಸಾಪ್‌ನ್ಯಾಗ ಲಕ್ಷ್ಮಣ ಫಲದ ಮೆಸೇಜ್ ಶುರು, ಅದು ಮುಳ್ಳು ಮುಳ್ಳು ಹಸಿರು ಹಣ್ಣು, ಇದೇ ಬಳಗದ್ದು, ಕ್ಯಾನ್ಸರ್ ಹೋಗ್ತದ ಅಂತ. ಹಂಗಂತ ಮನುಷ್ಯರಾಗ ಸಾಬೀತಾಗಿಲ್ರಿ, ಉಲ್ಟಾ 1999ರಾಗ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಾಗ ಅದರ ಹಣ್ಣು, ಎಲಿ ಚಾ ಬಹಳ ದಿನ ತಗೊಂಡವ್ರಿಗೆ ಪಾರ್ಕಿನ್ಸನ್ಸ್ ಅನ್ನೋ ನಡುಕದ ರೋಗದ ತರದ ಕೈಕಾಲು ತೊಂದರಿ ಜಾಸ್ತಿ ಕಂಡಿತ್ತು. ಔಷಧ ಅಂತ ಕುದಿಸಿ ಕುಡಿಬ್ಯಾಡ್ರಿ ಅಷ್ಟೇ.

ಹೋದ ವಾರ ಮತ್ತ ಹೋದೆ, ಮುದುಕಿ ಹತ್ರ ಎರಡೇ ಉಳಿದಿದ್ವು, ಎರಡೂ ತಗೊಂಡೆ. ಒಂದು ಆಯಿಗೆ ಆಯ್ತು. ಇನ್ನೊಂದು ಈಗ ಫ್ರಿಜ್‌ನ್ಯಾಗ ತಣ್ಣಗಾಗ್ಲಿಕತ್ತದ, ತಮ್ಮ ಆಫೀಸಿನಿಂದ ಬರೋದು ಏಳಕ್ಕ, ಈಗ ಆರೂ ಇಪ್ಪತ್ತು, ಬರಿಯೋದು ಇಲ್ಲಿಗೇ ಬಿಡ್ತೀನಿ.