ತಾರೀಖೇ ಇಲ್ಲದ ವಿಪತ್ತು

ಅಮೆರಿಕದ ಅಲಾಸ್ಕಾ ರಾಜ್ಯದ ನ್ಯೂಟಾಕ್ ಅನ್ನೋ ಊರಿನ ಬಗ್ಗೆ ಓದಿದಾಗಿಂದ ಒಂಥರಾ ಸಿಟ್ಟು. ಯೂಪಿಕ್ ಬುಡಕಟ್ಟಿನ ಊರದು, ನಿಂಗ್ಲಿಕ್ ನದಿ ದಂಡೆ ಮೇಲಿತ್ತು, ನೆಲದಡಿ ಸದಾ ಹೆಪ್ಪುಗಟ್ಟಿರ್ತಿದ್ದ ಮಣ್ಣು ಕರಗ್ತಾ ದಂಡೆ ವರ್ಷಾ ವರ್ಷಾ ಕುಸೀತಾ ಬಂತು. ಬಿಟ್ಟು ಹೋಗೋಣ ಅಂತ ಜನ ತೀರ್ಮಾನ ಮಾಡಿದ್ದು 1990ರ ದಶಕದಲ್ಲಿ. ಸುಮಾರು 14 ಕಿ.ಮೀ. ಆಚೆ ಮೆರ್ಟಾರ್ವಿಕ್ ಅಂತ ಜಾಗ, ಅದನ್ನ ಬದಲಿಗೆ ಕೊಡೋಕೆ ಸಂಸತ್ತು 2003ರಲ್ಲಿ ಕಾನೂನು ಮಾಡ್ತು, ಆದ್ರೆ ಮೊದಲ ಕುಟುಂಬಗಳು ಹೋಗಿದ್ದು 2019ರಲ್ಲಿ!

ಬರೀ ದುಡ್ಡಿನ ತೊಂದರೆ ಅಂದ್ಕೊಂಡಿದ್ದೆ. ಅಲ್ವಂತೆ. ಅಮೆರಿಕದ ವಿಪತ್ತು ಪರಿಹಾರ ನಿಂತಿರೋದು 1988ರ ಸ್ಟಾಫರ್ಡ್ ಕಾಯ್ದೆ ಮೇಲೆ, ಅದಕ್ಕೆ ಗೊತ್ತಿರೋದು ಚಂಡಮಾರುತ, ಭೂಕಂಪ, ಪ್ರವಾಹ, ಅಂದ್ರೆ ಇಂಥ ದಿನ ಬಂತು ಅಂತ ಹೇಳೋಕಾಗೋವು. ನಿಧಾನಕ್ಕೆ ಸವೆಯೋ ದಂಡೆಗೆ ಯಾವ ತಾರೀಖು ಬರೀತೀರಾ? ವಿಪತ್ತು ಅಂತ ಘೋಷಿಸಿ ಅಂತ ನ್ಯೂಟಾಕ್‌ನವರು ಕೇಳಿದ್ದಕ್ಕೆ 2017ರ ಜನವರಿಯಲ್ಲಿ ಕೇಂದ್ರ ಸರ್ಕಾರದವರು ಆಗಲ್ಲ ಅಂದ್ರು. ಇಡೀ ಊರನ್ನ ಸ್ಥಳಾಂತರ ಮಾಡೋ ಜವಾಬ್ದಾರಿ ಹೊತ್ತ ಇಲಾಖೆ ಅಂತಾನೇ ಒಂದೂ ಇರ್ಲಿಲ್ಲ. ಹೊಸ ಜಾಗದಲ್ಲಿ ಜನ ಇಲ್ದೆ ಸ್ಕೂಲಿಗೆ ದುಡ್ಡಿಲ್ಲ, ಸ್ಕೂಲಿಲ್ದೆ ಮಕ್ಕಳನ್ನ ಕಟ್ಕೊಂಡು ಜನ ಹೋಗೋದು ಹೇಗೆ? ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಂಗೆ.

ಇನ್ನೊಂದು, ನ್ಯೂಟಾಕ್‌ನವರು ಮೊದಲು ಋತು ನೋಡ್ಕೊಂಡು ಜಾಗ ಬದಲಾಯಿಸ್ತಿದ್ದ ಜನ, ಒಂದೇ ಕಡೆ ಕೂರಿಸಿದ್ದರಲ್ಲಿ ಸರ್ಕಾರ ಕಟ್ಟಿದ ಸ್ಕೂಲಿನ ಪಾತ್ರ ದೊಡ್ಡದು.

ಕೋರ್ಟಿಗೆ ಹೋಗ್ಬಹುದಿತ್ತಲ್ಲ ಅಂದ್ರೆ, ಅಲಾಸ್ಕಾದ್ದೇ ಕಿವಲೀನಾ ಊರಿನವರು 2008ರಲ್ಲಿ ಭೂಮಿ ಬಿಸಿಯಾಗಿ ನಮ್ಮೂರು ಹಾಳಾಗೋಕೆ ನಿಮ್ಮ ಹೊಗೆನೇ ಕಾರಣ ಅಂತ ಎಕ್ಸಾನ್ ಸೇರಿ ತೈಲ, ವಿದ್ಯುತ್ ಕಂಪನಿಗಳ ಮೇಲೆ ಕೇಸು ಹಾಕಿದ್ರು, ಮುಂದಿನ ವರ್ಷ ಕೋರ್ಟು ಇದು ರಾಜಕೀಯದವರು ಬಗೆಹರಿಸೋ ವಿಷಯ ಅಂತು, 2012ರಲ್ಲಿ ಮೇಲಿನ ಕೋರ್ಟು ಶುದ್ಧ ಗಾಳಿ ಕಾಯ್ದೆ ಇರೋವಾಗ ಇಂಥ ದಾವೆಗೆ ಜಾಗ ಇಲ್ಲ ಅಂತು.

ದುಡ್ಡು ಬಂದ ಕಡೆ ಬೇರೆ ರಗಳೆ. ಲೂಸಿಯಾನಾದ ಐಲ್ ಡಿ ಜೀನ್ ಚಾರ್ಲ್ಸ್ ದ್ವೀಪ 1955ರಿಂದೀಚೆಗೆ ಶೇ. 98ರಷ್ಟು ನೀರು ಪಾಲಾಗಿದೆ. 2016ರಲ್ಲಿ ಅಲ್ಲಿನವರ ಸ್ಥಳಾಂತರಕ್ಕೆ 4.83 ಕೋಟಿ ಡಾಲರ್ ಮಂಜೂರಾಯ್ತು, ಆದ್ರೆ ಅಲ್ಲಿನ ಚೋಕ್ಟಾ ಬುಡಕಟ್ಟಿಗೆ ಕೇಂದ್ರದ ಮಾನ್ಯತೆ ಇಲ್ಲ, ದುಡ್ಡು ರಾಜ್ಯ ಸರ್ಕಾರದ ಕೈಗೆ ಹೋಯ್ತು. ಚದುರಿಹೋದ ನಮ್ಮೋರೆಲ್ಲ ಮತ್ತೆ ಒಂದೇ ಕಡೆ ಸೇರೋಣ ಅಂತ ಬುಡಕಟ್ಟು ಮಾಡ್ಕೊಂಡಿದ್ದ ಪ್ಲಾನು ಬದಲಾಗ್ತಾ ಹೋಯ್ತು, 2022ರಲ್ಲಿ ಮನೆ ಕೀ ಸಿಕ್ತು, 2023ರ ಡಿಸೆಂಬರ್‌ನಲ್ಲಿ ಅದೇ ಬುಡಕಟ್ಟು ನಮ್ಮನ್ನ ಪಕ್ಕಕ್ಕೆ ತಳ್ಳಿದ್ರು ಅಂತ ಕೇಂದ್ರದ ವಸತಿ ಇಲಾಖೆಗೆ ದೂರು ಕೊಡ್ತು.