ಒಣಕೊಂಬೆಯ ಚಿಟ್ಟು ಕುಟ್ರ: ಏಪ್ರಿಲ್ ಕೊನೆಯವರೆಗಿನ ದಾಖಲೆ

ಮನೆಯೆದುರಿನ ಅತ್ತಿ ಮರದಲ್ಲಿ ಒಣಗಿ ನಿಂತಿರುವ ಒಂದೇ ಒಂದು ಕೊಂಬೆಯನ್ನು ಬೆಳಗಿನ ಹೊತ್ತು ಗಮನಿಸಿ, ಅಲ್ಲಿ ಕಂಡದ್ದನ್ನು ಬರೆದಿಡುವ ಕೆಲಸವನ್ನು ಫೆಬ್ರವರಿಯಲ್ಲಿ ಆರಂಭಿಸಿದ್ದೆ. ಈ ವಾರ ಆ ದಾಖಲೆಯಲ್ಲಿ ‘ಗೂಡಿನಲ್ಲಿ ಮರಿ ಇದೆ’ ಎಂದು ಸಂದೇಹವಿಲ್ಲದೆ ಬರೆಯಲು ಸಾಧ್ಯವಾಗಿದೆ. ಇಷ್ಟು ಬರೆಯಲು ಇಷ್ಟು ಕಾಲ ಏಕೆ ಬೇಕಾಯಿತು ಎಂಬುದೇ ಈ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಸಂಗತಿಯಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚಿಟ್ಟು ಕುಟ್ರ ಸುಮಾರು 15ರಿಂದ 17 ಸೆಂಟಿಮೀಟರ್ ಉದ್ದದ, ಹಸಿರು ಮೈಯ ಸಣ್ಣ ಹಕ್ಕಿ. ಹಣೆಯಲ್ಲೂ ಎದೆಯಲ್ಲೂ ಕೆಂಪು, ಕಣ್ಣಿನ ಸುತ್ತ ಮತ್ತು ಗಂಟಲಿನಲ್ಲಿ ಹಳದಿ. ಎಲೆಗಳ ನಡುವೆ ಕುಳಿತರೆ ಕಾಣುವುದು ಕಷ್ಟ; ಬಹುಪಾಲು ಜನರಿಗೆ ಅದರ ಪರಿಚಯವಿರುವುದು ‘ಟುಕ್, ಟುಕ್, ಟುಕ್’ ಎಂಬ ಎಡೆಬಿಡದ ದನಿಯಿಂದ ಮಾತ್ರ. ಚಳಿಗಾಲದಲ್ಲಿ ಬಹುಮಟ್ಟಿಗೆ ಮೌನವಾಗಿದ್ದ ಹಕ್ಕಿ ಫೆಬ್ರವರಿಯಲ್ಲಿ ಒಣಕೊಂಬೆಯ ತುದಿಗೆ ಬಂದು ಕೂಗತೊಡಗಿದಾಗ, ದುರ್ಬೀನಿನಲ್ಲಿ ಅದರ ಗಂಟಲನ್ನು ಬಹಳ ಹೊತ್ತು ನೋಡಿದೆ. ಕೂಗುವಾಗ ಅದು ಕೊಕ್ಕನ್ನು ತೆರೆಯುವುದೇ ಇಲ್ಲ. ಗಂಟಲಿನ ಎರಡೂ ಬದಿಯ ಬೋಳು ಚರ್ಮ ಪ್ರತಿಯೊಂದು ‘ಟುಕ್’ಗೂ ಉಬ್ಬಿ ಇಳಿಯುತ್ತದೆ, ಅದರೊಂದಿಗೆ ತಲೆಯೂ ಒಮ್ಮೆ ಬಾಗುತ್ತದೆ. ನಡುನಡುವೆ ತಲೆಯನ್ನು ಆಚೀಚೆ ತಿರುಗಿಸುವುದರಿಂದ ದನಿ ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಬಂದಂತೆ ಕೇಳುತ್ತದೆ. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ ನೂರನ್ನು ಮೀರುತ್ತದೆ.

ಅದೇ ತಿಂಗಳ ಕೊನೆಗೆ ಕೊರೆಯುವ ಕೆಲಸ ಶುರುವಾಯಿತು. ಆರಿಸಿಕೊಂಡದ್ದು ಕೊಂಬೆಯ ಕೆಳಮೈಯನ್ನು. ಹಾಗಾಗಿ ತೂತಿನ ಬಾಯಿ ನೆಲದ ಕಡೆಗಿದೆ, ಮಳೆಯ ನೀರು ಒಳಗಿಳಿಯುವಂತಿಲ್ಲ. ಕಾಲ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದರಿಂದ ತೊಗಟೆಯನ್ನು ಗಟ್ಟಿಯಾಗಿ ಹಿಡಿದು, ಹೆಚ್ಚುಕಡಿಮೆ ತಲೆಕೆಳಗಾಗಿಯೇ ಹಕ್ಕಿ ಕೆಲಸ ಮಾಡುತ್ತಿತ್ತು. ಒಂದು ಹಾರಿಹೋದ ಮೇಲೆ ಇನ್ನೊಂದು ಬಂದು ಮುಂದುವರಿಸುತ್ತಿತ್ತು. ಗಂಡು ಹೆಣ್ಣು ನೋಡಲು ಒಂದೇ ರೀತಿ ಇರುವುದರಿಂದ ಯಾವುದು ಎಷ್ಟು ದುಡಿಯಿತು ಎಂದು ನಾನು ಬರೆದಿಲ್ಲ. ಕೆಲವು ದಿನಗಳಲ್ಲಿ ಇಡೀ ಮೈ ಒಳಗೆ ಮರೆಯಾಗಿ, ಸ್ವಲ್ಪ ಹೊತ್ತಿನ ಬಳಿಕ ಕೊಕ್ಕಿನ ತುಂಬ ಮರದ ಪುಡಿಯನ್ನು ತಂದು ಹೊರಗೆ ಚೆಲ್ಲುವ ಹಂತಕ್ಕೆ ತೂತು ಆಳವಾಗಿತ್ತು.

ಇಷ್ಟನ್ನು ಕಂಡವರು ‘ಗೂಡು ಕಟ್ಟಿತು’ ಎಂದು ಬರೆದುಬಿಡುವುದು ಸಹಜ. ಆದರೆ ಕುಟ್ರ ಹಕ್ಕಿಗಳು ರಾತ್ರಿ ತಂಗುವುದಕ್ಕೂ ಪೊಟರೆಗಳನ್ನು ಕೊರೆಯುತ್ತವೆ. ಕೊರೆದ ಮಾತ್ರಕ್ಕೆ ಮೊಟ್ಟೆ ಇಡುತ್ತವೆ ಎನ್ನಲಾಗದು. ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ, 2002ರಲ್ಲಿ ಆರಂಭವಾದ ಇ-ಬರ್ಡ್ ಜಾಲತಾಣದಲ್ಲಿ ಸಂತಾನಾಭಿವೃದ್ಧಿಯನ್ನು ಸೂಚಿಸುವ ಸಂಕೇತಗಳಲ್ಲಿ ಇದಕ್ಕಾಗಿಯೇ ಒಂದು ವಿವೇಚನೆ ಇದೆ: ಮರಕುಟಿಗ ಪೊಟರೆ ಕೊರೆಯುವುದನ್ನು ಅಲ್ಲಿ ‘ಸಂಭವನೀಯ’ ಎಂಬ ವರ್ಗಕ್ಕೆ ಸೇರಿಸುತ್ತಾರೆ, ‘ಖಚಿತ’ ವರ್ಗಕ್ಕಲ್ಲ. ಆಹಾರವನ್ನು ಒಳಗೆ ಒಯ್ಯುವುದು, ಮರಿಯ ಹಿಕ್ಕೆಯನ್ನು ಹೊರಗೆ ಒಯ್ಯುವುದು, ಮರಿಗೆ ಉಣಿಸುವುದು ಮುಂತಾದವು ಕಂಡರೆ ಮಾತ್ರ ಖಚಿತವಾಗುತ್ತದೆ. ಕಂಡದ್ದನ್ನೂ ಊಹಿಸಿದ್ದನ್ನೂ ಹೀಗೆ ಬೇರೆಬೇರೆಯಾಗಿ ಇಡುವ ಶಿಸ್ತು ನನಗೆ ಬಹಳ ಹಿಡಿಸಿದೆ. ಮಾರ್ಚ್ ತಿಂಗಳ ಪುಟಗಳಲ್ಲಿ ‘ಒಂದು ಒಳಹೋಯಿತು, ಇನ್ನೊಂದು ಹೊರಬಂದಿತು, ಕೊಕ್ಕು ಖಾಲಿ’ ಎಂಬ ಸಾಲು ಮತ್ತೆಮತ್ತೆ ಬರುತ್ತದೆ. ಎರಡೂ ಸರದಿಯಲ್ಲಿ ಕಾವು ಕೊಡುತ್ತಿದ್ದಿರಬೇಕು. ಕಾವಿನ ಅವಧಿ ಸುಮಾರು ಎರಡು ವಾರ. ಒಳಗೆ ಇಣುಕುವ ಯಾವ ಪ್ರಯತ್ನವನ್ನೂ ನಾನು ಮಾಡಲಿಲ್ಲ, ಮಾಡಲೂಬಾರದು.

ಏಪ್ರಿಲ್ ಆರಂಭದಲ್ಲಿ ಬಂದುಹೋಗುವ ರೀತಿ ಬದಲಾಯಿತು. ಕೊಕ್ಕಿನಲ್ಲಿ ಮೊದಲು ಹುಳುಗಳು, ನಂತರ ಅತ್ತಿಹಣ್ಣಿನ ಚೂರುಗಳು ಕಾಣತೊಡಗಿದವು, ಹೊರಬರುವಾಗ ಹಿಕ್ಕೆ ಇರುತ್ತಿತ್ತು. ಈ ವಾರ ತೂತಿನ ಬಾಯಲ್ಲಿ ಮರಿಯ ತಲೆಯೇ ಕಂಡಿತು. ಹಣೆಯಲ್ಲಿ ಕೆಂಪು ಇನ್ನೂ ಮೂಡಿಲ್ಲ, ಕೊಕ್ಕಿನ ಬುಡದ ಮೀಸೆಯಂಥ ಗರಿಗಳು ಮಾತ್ರ ಸ್ಪಷ್ಟವಾಗಿದ್ದವು.

ಇದೇ ಕೊಂಬೆಯ ಮೇಲೆ ಗೊರವಂಕಗಳಿಗೂ ಕಣ್ಣಿದೆ. ಅವೂ ಮಡಿವಾಳ ಹಕ್ಕಿಯೂ ಪೊಟರೆಯಲ್ಲಿ ಗೂಡು ಮಾಡಬಲ್ಲವೇ ಹೊರತು ಪೊಟರೆಯನ್ನು ತಾವೇ ಕೊರೆಯಲಾರವು. ಬೇರೆ ಹಕ್ಕಿ ಕೊರೆದು ಬಿಟ್ಟದ್ದನ್ನೋ ತಾನಾಗಿ ಆದ ಟೊಳ್ಳನ್ನೋ ಹುಡುಕಬೇಕು. ಒಣಗಿದ ಕೊಂಬೆಯನ್ನು ಅಂದಗೇಡು ಎಂದು ಕಡಿಸಿದರೆ ಕುಟ್ರ ಹಕ್ಕಿಯ ಜೊತೆಗೆ ಇವುಗಳ ಮನೆಯೂ ಹೋಗುತ್ತದೆ. ಯಾರ ತಲೆಯ ಮೇಲೂ ಬೀಳುವ ಅಪಾಯವಿಲ್ಲದ ಕಡೆ ಅಂಥ ಕೊಂಬೆಯನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮರಿಗಳು ಹಾರಿದ ಬಳಿಕ ಸಂಜೆಯ ಹೊತ್ತಿಗೂ ವೀಕ್ಷಣೆಯನ್ನು ವಿಸ್ತರಿಸುತ್ತೇನೆ. ಹಳೆಯ ಜೋಡಿ ಅಲ್ಲಿಯೇ ತಂಗುತ್ತದೆಯೇ, ಬೇರೆ ಹಕ್ಕಿ ಒಳಸೇರುತ್ತದೆಯೇ ಎಂಬುದಕ್ಕಾಗಿ ದಾಖಲೆಯಲ್ಲಿ ಹೊಸದೊಂದು ಅಂಕಣವನ್ನು ಈಗಾಗಲೇ ಗೆರೆ ಎಳೆದು ಸಿದ್ಧಮಾಡಿದ್ದೇನೆ. ಏನೂ ಕಾಣದ ಸಂಜೆಗಳನ್ನೂ ಅದರಲ್ಲಿ ‘ಏನೂ ಇಲ್ಲ’ ಎಂದೇ ಬರೆಯುತ್ತೇನೆ.